ಕೊಸರು

ತರಕಾರಿ ತೂಗಿ ಚೀಲಕ್ಕೆ ಸುರಿದಾದ ಮೇಲೆ, "ಎಲ್ಲಿ, ಕೊಸರು ಹಾಕಲೇ ಇಲ್ಲವಲ್ಲ?" ಎಂದು ನಮ್ಮ ತಾಯಿ ಕೇಳುತ್ತಿದ್ದ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಮಾರುವವಳು ಮುಖ ಸಿಂಡರಿಸಿದಂತೆ ಮಾಡಿ, "ನಿಮ್ದೊಳ್ಳೆ ಕತೆಯಾಯ್ತಮ್ಮ" ಎಂದು ಗೊಣಗಿ, ಎರಡು ಹಸಿಮೆಣಸಿನಕಾಯನ್ನೋ ಒಂದೆಳೆ ಕರಿಬೇವನ್ನೋ ಚೀಲದೊಳಕ್ಕೆ ಎಸೆಯುತ್ತಿದ್ದಳು. ಕೊಟ್ಟವಳಿಗೆ ನಷ್ಟವಿಲ್ಲ, ಪಡೆದವಳಿಗೆ ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಆದರೂ ಆ ಎರಡು ಮೆಣಸಿನಕಾಯಿ ಬೀಳದೆ ವ್ಯಾಪಾರ ಮುಗಿಯಿತೆಂದು ಇಬ್ಬರೂ ಒಪ್ಪುತ್ತಿರಲಿಲ್ಲ. ತೂಕಕ್ಕೆ ಸೇರದ, ಲೆಕ್ಕಕ್ಕೆ ಬಾರದ ಈ ಅಲ್ಪ ವಸ್ತುವಿಗೆ ನಮ್ಮ ಭಾಷೆಯಲ್ಲಿ ಒಂದು ಸ್ವತಂತ್ರವಾದ ಹೆಸರೇ ಇದೆಯೆಂಬುದನ್ನು ಕನ್ನಡದ ಅಧ್ಯಾಪಕನಾದ ನಾನು ಮರೆತೇಬಿಟ್ಟಿದ್ದೆ. ಅದನ್ನು ಜ್ಞಾಪಿಸಿದವರು ನನ್ನ ಸೋದರಮಾವ.

ಗುಬ್ಬಿ ಮತ್ತು ತಿಪಟೂರುಗಳ ನಡುವಣ ಒಂದು ಹಳ್ಳಿಯಲ್ಲಿ ಅವರದು ಸಣ್ಣದೊಂದು ದಿನಸಿ ಅಂಗಡಿ. ತಾತ ಇಟ್ಟ ಅಂಗಡಿ; ಮಾವನವರು ಗಲ್ಲಾದ ಮುಂದೆ ಕುಳಿತು ನಲವತ್ತು ವರ್ಷಗಳ ಮೇಲಾಯಿತು. ಕಳೆದ ವರ್ಷ ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಬೆಂಗಳೂರಿಗೆ ಬಂದಿದ್ದರು. ಅವರ ಮಗನೂ ಇಲ್ಲಿಯೇ ಇದ್ದಾನೆ. ಫೋನಿನಲ್ಲಿ ಬೇಡಿಕೆ ಪಡೆದು ಮನೆಬಾಗಿಲಿಗೆ ಸಾಮಾನು ಕಳುಹಿಸುವ ಒಂದು ಕಂಪನಿಯ ಉಗ್ರಾಣದಲ್ಲಿ ಅವನಿಗೆ ಕೆಲಸ. "ಅಂಗಡಿ ಮುಚ್ಚಿ ಇಲ್ಲಿಗೇ ಬಂದುಬಿಡಿ" ಎಂಬುದು ಅವನ ಒತ್ತಾಯ. ಮಾವ ಹೂಂ ಎನ್ನಲಿಲ್ಲ, ಉಹುಂ ಎನ್ನಲೂ ಇಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ಕೆಲವು ದಿನಗಳಿಗೆ ನನ್ನನ್ನು ಕರೆದು, "ಕಣ್ಣೇನೋ ಬಂತು. ಒಂದ್ಸಲ ಪೇಟೆ ತೋರಿಸಿಬಿಡಪ್ಪ. ಮತ್ತೆ ಬರ್ತೀನೋ ಇಲ್ವೋ" ಎಂದರು.

ಪೇಟೆಯ ಬೀದಿಗಳಲ್ಲಿ

ಚಿಕ್ಕಪೇಟೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದು, ನೆಲದಡಿಯಿಂದ ಯಂತ್ರಸೋಪಾನದ ಮೇಲೆ ನಾವು ಬೀದಿಗೆ ಬಂದೆವು. ೨೦೧೭ರ ಜೂನ್ ತಿಂಗಳಿನಿಂದ ಈ ರೈಲು ಓಡುತ್ತಿದೆ. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದರೆನ್ನುವ ಪೇಟೆಯ ಗರ್ಭದಿಂದ ಹೀಗೆ ಎದ್ದುಬರುವಾಗ ಯಾರಿಗಾದರೂ ಒಂದು ಕ್ಷಣ ಕಾಲ ಹಿಂದುಮುಂದಾದಂತೆ ತೋರದಿರದು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ - ಊರನ್ನು ಕಟ್ಟಿದವರು ಬೀದಿಗಳಿಗೆ ಮಹಾಪುರುಷರ ಹೆಸರನ್ನಿಡಲಿಲ್ಲ. ಪದಾರ್ಥಗಳ ಹೆಸರನ್ನೂ ಅವನ್ನು ಮಾಡುವವರ ಹೆಸರನ್ನೂ ಇಟ್ಟರು. ಹೆಸರುಗಳು ಉಳಿದಿವೆ, ಸರಕುಗಳು ಬದಲಾಗಿವೆ. ಬಳೇಪೇಟೆಯಲ್ಲಿ ತಬಲ, ಹಾರ್ಮೋನಿಯಂಗಳ ಅಂಗಡಿಗಳಿವೆ. ಹಿಂದೆ ದೊಡ್ಡಪೇಟೆಯೆನಿಸಿದ್ದುದು ಈಗ ಅವೆನ್ಯೂ ರಸ್ತೆ. ಅಲ್ಲಿ ವಿದ್ಯಾರ್ಥಿಗಳು ಹಳೆಯ ಪುಸ್ತಕಗಳಿಗಾಗಿ ಚೌಕಾಸಿ ಮಾಡುತ್ತಿರುತ್ತಾರೆ.

ಮಾವನವರ ಪೇಟೆ ಬೇರೆಯದೇ. ಹದಿನೈದು ದಿನಕ್ಕೊಮ್ಮೆ ಬೆಳಗಿನ ರೈಲಿಗೆ ಬಂದು, ತರಗುಪೇಟೆಯಲ್ಲಿ ಬೇಳೆ ಬೆಲ್ಲ, ಮಾಮೂಲುಪೇಟೆಯಲ್ಲಿ ಹಗ್ಗ ಕರ್ಪೂರ, ಸುಲ್ತಾನಪೇಟೆಯಲ್ಲಿ ಕಾಗದ ಕೊಂಡು, ಮೂಟೆಗಳನ್ನು ಲಾರಿಗೆ ಹಾಕಿಸಿ ರಾತ್ರಿಯ ರೈಲಿಗೆ ಹಿಂದಿರುಗುತ್ತಿದ್ದರಂತೆ. ತರಗುಪೇಟೆಯ ಒಂದು ಮಂಡಿಯಲ್ಲಿ ಅವರಿಗೆ ಮೂವತ್ತು ವರ್ಷಗಳ ಖಾತೆಯಿತ್ತು. ರಾಗಿ ಕೊಯ್ಲಾಗಿ ಹಳ್ಳಿಯವರು ಮಾವನಿಗೆ ಕೊಟ್ಟಾಗ ಮಾವ ಮಂಡಿಗೆ ಕೊಡುವುದು. ಮಳೆ ಕೈಕೊಟ್ಟ ವರ್ಷ ಹಳ್ಳಿಯ ರೈತನಿಗೆ ಮಾವ ಕಾಯುತ್ತಿದ್ದರು. ಮಾವನಿಗೆ ಮಂಡಿಯವರು ಕಾಯುತ್ತಿದ್ದರು. ಹಳ್ಳಿಯ ಅಂಗಡಿ ಬೇರೆ, ನಗರದ ಪೇಟೆ ಬೇರೆ ಎಂದು ನಾವು ತಿಳಿದುಕೊಂಡಿದ್ದೇವೆ. ಅವು ಒಂದೇ ಹಗ್ಗದ ಎರಡು ತುದಿಗಳು. ನಡುವೆ ಇದ್ದ ಗಂಟುಗಳೆಲ್ಲ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕಗಳು.

ಆ ಮಂಡಿ ಈಗ ಅಲ್ಲಿಲ್ಲ. ಧಾನ್ಯದ ಸಗಟು ವ್ಯಾಪಾರದ ಬಹುಭಾಗ ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗಿದೆ. ಮಂಡಿಯಿದ್ದ ಕಟ್ಟಡದ ಕೆಳಗಣ ಅಂತಸ್ತಿನಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳ ರಾಶಿ. ಮಾವ ಆ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, "ದೀಪಾವಳಿಗೆ ಒಂದು ಪಂಚಾಂಗ, ಒಂದು ಕ್ಯಾಲೆಂಡರು, ಒಂದು ಸೇರು ಸಕ್ಕರೆ ಕೊಡೋರು. ನಮಗೂ ಕೊಸರು ಸಿಕ್ತಿತ್ತು ಕಣಪ್ಪ" ಎಂದರು. ಎಷ್ಟೋ ವರ್ಷಗಳ ಮೇಲೆ ನಾನು ಆ ಶಬ್ದವನ್ನು ಕೇಳಿದ್ದು ಆಗಲೇ.

ನಮ್ಮ ಬೀದಿಯ ಅಂಗಡಿ

ಬೆಂಗಳೂರಿನಲ್ಲಿ ಪೇಟೆಯ ವ್ಯಾಪಾರದ ಪಕ್ಕದಲ್ಲಿಯೇ ಇನ್ನೊಂದು ಬಗೆಯ ವ್ಯಾಪಾರ ಬೆಳೆದು ಬಂದಿದೆ. ೧೯೫೯ರಲ್ಲಿ, ತೋಟಗಾರಿಕೆಯ ಮರಿಗೌಡರ ಪ್ರಯತ್ನದಿಂದ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾದದ್ದು ಮುಂದೆ ಹಾಪ್‌ಕಾಮ್ಸ್ ಆಯಿತು. ಹಲಗೆಯ ಮೇಲೆ ದರ ಬರೆದು, ಚೌಕಾಸಿಯಿಲ್ಲದೆ ಸರಿಯಾದ ತೂಕದಲ್ಲಿ ಹಣ್ಣು ತರಕಾರಿ ಕೊಳ್ಳಬಹುದೆಂದು ನಮ್ಮ ಮಧ್ಯಮವರ್ಗದ ಮನೆಗಳಿಗೆ ತೋರಿಸಿಕೊಟ್ಟಿತು. ಗಿರಾಕಿಯೇ ಕೈಯಿಟ್ಟು ಸಾಮಾನು ಆರಿಸಿಕೊಳ್ಳುವ ಪದ್ಧತಿ ಬ್ರಿಗೇಡ್ ರಸ್ತೆಯ ನೀಲಗಿರೀಸ್‌ನಂಥ ಅಂಗಡಿಗಳಿಂದ ಬಡಾವಣೆ ಬಡಾವಣೆಗೆ ಹರಡಿತು. ೨೦೦೭ರಲ್ಲಿ ಕೋರಮಂಗಲದ ಒಂದು ಮನೆಯಿಂದ ಪುಸ್ತಕ ಮಾರಲು ಹೊರಟ ಫ್ಲಿಪ್‌ಕಾರ್ಟ್, ೨೦೧೧ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಬಿಗ್‌ಬಾಸ್ಕೆಟ್ - ಇವು ಬಂದ ಮೇಲೆ ಅಂಗಡಿಗೆ ಹೋಗುವ ಕೆಲಸವೇ ತಪ್ಪಿತು. ಈಗ ಒಗ್ಗರಣೆಗೆ ಸಾಸಿವೆ ಮುಗಿದಿದ್ದರೆ, ಎಣ್ಣೆ ಕಾಯುವುದರೊಳಗೆ ಬಾರದಿದ್ದರೂ, ಸಾರು ಕುದಿಯುವುದರೊಳಗೆ ಬಂದೀತು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಅಂಗಡಿಯಿತ್ತು. ಮದುವೆಯಾಗಿ ಮನೆ ಹೂಡಿದ ಹೊಸತರಲ್ಲಿ ನಮ್ಮ ಸಂಸಾರ ನಡೆದದ್ದು ಆ ಅಂಗಡಿಯ ಸಾಲದ ಪುಸ್ತಕದಿಂದ. ಸಂಬಳ ಬಂದ ದಿನ ಹೋಗಿ ಬಾಕಿ ತೀರಿಸುವುದು. ಅಂಗಡಿಯಾತ ಮಗುವಿನ ಕೈಗೆ ಒಂದು ಕಲ್ಲುಸಕ್ಕರೆಯ ಹರಳು ಕೊಡುವುದು. ಫೋನಿನಲ್ಲಿ ಕೊಳ್ಳುವುದು ರೂಢಿಯಾದ ಮೇಲೆ ಒಂದು ತಿಂಗಳು ಬಾಕಿ ತೀರಿಸಿದೆವು. ಮತ್ತೆ ಖಾತೆ ತೆರೆಯಲಿಲ್ಲ. ಚೀಲ ಹಿಡಿದ ಸರಬರಾಜಿನ ಹುಡುಗ ನಮ್ಮ ಮನೆಗೆ ಬರುವುದು ಆತನಿಗೆ ಕಾಣುತ್ತಿತ್ತು. ಆತನ ಕಣ್ಣು ತಪ್ಪಿಸಲು ನಾನು ಹಿಂದಿನ ಓಣಿಯಿಂದ ಓಡಾಡತೊಡಗಿದೆ.

೨೦೨೦ರ ಮಾರ್ಚ್ ೨೫, ಯುಗಾದಿಯ ದಿನ, ದೇಶವೆಲ್ಲ ಬಾಗಿಲು ಹಾಕಿತು. ಫೋನಿನಲ್ಲಿ ಎಷ್ಟು ಒತ್ತಿದರೂ ಸಾಮಾನು ಬರಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಾನು ಆ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತದಲ್ಲಿ ನಿಂತೆ. ನನ್ನ ಸರದಿ ಬಂದಾಗ ಆತ ಏನೂ ಕೇಳದೆ, "ಮನೇಲಿ ಮಗು ಇದೆಯಲ್ಲ ಸಾರ್" ಎಂದು, ಒಳಗೆ ತೆಗೆದಿಟ್ಟಿದ್ದ ಹಾಲಿನ ಪುಡಿಯ ಡಬ್ಬವನ್ನು ತಂದುಕೊಟ್ಟ. ಆ ಎರಡು ತಿಂಗಳು ಅವನ ಅಂಗಡಿಯೇ ನಮ್ಮ ಅಡುಗೆಮನೆ. ವರ್ಷ ತಿರುಗುವಷ್ಟರಲ್ಲಿ ನಾವು ಮತ್ತೆ ಫೋನಿಗೆ ಮರಳಿದೆವು. ಮಾರನೆಯ ವರ್ಷ ಆ ಅಂಗಡಿ ಮುಚ್ಚಿತು. ಆತ ಎಲ್ಲಿಗೆ ಹೋದನೆಂದು ಬೀದಿಯಲ್ಲಿ ಯಾರಿಗೂ ತಿಳಿಯದು. ಈಗ ಹಿಂದಿನ ಓಣಿಯಿಂದ ಓಡಾಡಬೇಕಾದ ಅಗತ್ಯವೂ ನನಗಿಲ್ಲ.

ಸಂತೆಯ ದಾರಿ

ಮಾವನವರನ್ನು ಊರಿಗೆ ಮುಟ್ಟಿಸಲು ನಾನೇ ಹೊರಟೆ. ರೈಲು ತುಮಕೂರು ದಾಟಿ ಗುಬ್ಬಿಗೆ ಬಂತು. ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಗುಬ್ಬಿಯ ವ್ಯಾಪಾರವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ೧೮೦೭ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಅಡಿಕೆಯ ವ್ಯಾಪಾರಕ್ಕೆ ಅಂದಿನಿಂದಲೂ ಹೆಸರಾದ ಊರಿದು. ರೈಲೂ ಮೋಟಾರೂ ಇಲ್ಲದ ಕಾಲದಲ್ಲಿ ಎತ್ತಿನ ಹೇರುಗಳ ಮೇಲೆ ಸರಕು ಊರಿಂದೂರಿಗೆ ಸಾಗುತ್ತಿತ್ತು. ವಾರಕ್ಕೊಂದು ದಿನ ಒಂದೊಂದು ಊರಿನಲ್ಲಿ ಸಂತೆ. ಆಗ ಹಳ್ಳಿಯವನು ಅಂಗಡಿಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅಂಗಡಿಯೇ ಸರದಿಯ ಮೇಲೆ ಅವನ ಬಳಿಗೆ ಬರುತ್ತಿತ್ತು. ಇಂದು ಮನೆಬಾಗಿಲಿಗೆ ಬರುವ ವ್ಯಾಪಾರವನ್ನು ನಾವು ಹೊಸ ಸೋಜಿಗವೆಂದು ಕೊಂಡಾಡುತ್ತೇವಲ್ಲ, ಅದನ್ನು ನೆನೆದು ನಗು ಬಂತು.

ಗುಬ್ಬಿಯಲ್ಲಿ ಇಳಿದು ಬಸ್ಸು ಹಿಡಿದೆವು. ದಾರಿಯಲ್ಲಿ ಹೋಬಳಿಯ ಊರಿನಲ್ಲಿ ಅಂದು ಸಂತೆ. ಮಾವ ಇಳಿಯಲೇಬೇಕೆಂದು ಹಟ ಹಿಡಿದರು.

ಸಂತೆ ಸತ್ತುಹೋಯಿತೆಂದು ನಗರದಲ್ಲಿ ಕುಳಿತು ಮರುಗುವವರು ಒಮ್ಮೆ ಬಂದು ನೋಡಬೇಕು. ಹುಣಸೆಯ ಮರಗಳ ಕೆಳಗೆ ತಾಡಪಾಲಿನ ಸಾಲು ಸಾಲು ನೆರಳು. ಒಂದೆಡೆ ಟೊಮೆಟೊ, ಬದನೆ, ಹುರುಳಿಕಾಯಿಯ ಗುಡ್ಡೆಗಳು, ಒಂದೆಡೆ ಒಣಮೀನು, ಇನ್ನೊಂದೆಡೆ ಕುಡುಗೋಲು, ಗುದ್ದಲಿ, ಹಗ್ಗ. ಹೂವು ಮೊಳದಲ್ಲಿಯೇ ಅಳೆಯಲ್ಪಡುತ್ತಿತ್ತು; ವೀಳೆಯದೆಲೆ ಕಟ್ಟಿನಲ್ಲಿ. ಆದರೆ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಗೂ ಒಂದು ಚೌಕುಳಿ ಚಿತ್ರದ ರಟ್ಟು ಕಟ್ಟಿತ್ತು. ಗಿರಾಕಿ ಫೋನನ್ನು ಅದರ ಮುಂದೆ ಹಿಡಿದರೆ, ಪಕ್ಕದಲ್ಲಿಟ್ಟ ಪುಟ್ಟ ಪೆಟ್ಟಿಗೆ ಬಂದ ಹಣವನ್ನು ಕನ್ನಡದಲ್ಲಿಯೇ ಕೂಗಿ ಹೇಳುತ್ತದೆ. ೨೦೧೬ರ ನವೆಂಬರಿನಲ್ಲಿ ೫೦೦ ಮತ್ತು ೧,೦೦೦ ರೂಪಾಯಿಯ ನೋಟುಗಳು ರದ್ದಾದ ಮೇಲೆ ಬೇರೂರಿದ ಈ ಪದ್ಧತಿ ಹಳ್ಳಿಯ ಸಂತೆಗೂ ಬಂದಿದೆ. ಅಜ್ಜಿಗೆ ಅದರಿಂದ ಅನುಕೂಲವೇ. ಕಣ್ಣು ಕಾಣದಿದ್ದರೂ ಕಿವಿ ಕೇಳುತ್ತದೆ, ಯಾರೂ ಮೋಸ ಮಾಡುವಂತಿಲ್ಲ. ಒಂದು ಮಾತು ಮಾತ್ರ ಮಾಯವಾಗಿದೆ. ಹಿಂದೆ ಹದಿನೆಂಟು ರೂಪಾಯಿಯ ಸೊಪ್ಪಿಗೆ ಇಪ್ಪತ್ತು ಕೊಟ್ಟರೆ, "ಚಿಲ್ಲರೆ ಇಲ್ಲ, ಇನ್ನೊಂದು ಹಿಡಿ ಮೆಂತ್ಯ ಹಾಕ್ಕಳಿ" ಎನ್ನುತ್ತಿದ್ದರು. ಈಗ ಹದಿನೆಂಟೆಂದರೆ ಹದಿನೆಂಟೇ. ಚಿಲ್ಲರೆ ವ್ಯಾಪಾರದಲ್ಲಿ ಚಿಲ್ಲರೆಯೇ ಇಲ್ಲದಂತಾಗಿದೆ.

ಆದರೂ ಆ ಅಜ್ಜಿ, ಪೆಟ್ಟಿಗೆ ಕೂಗಿ ಮುಗಿಸಿದ ಮೇಲೆ, ಮಾವನ ಚೀಲಕ್ಕೆ ಒಂದು ಹಿಡಿ ಕೊತ್ತಂಬರಿ ಹಾಕಿದಳು. ಯಂತ್ರ ಅದನ್ನು ಕೂಗಿ ಹೇಳಲಿಲ್ಲ.

ಅಂಗಡಿಯ ಮುಂದಿನ ಕಲ್ಲು

ಮಾವನವರ ಅಂಗಡಿಯ ಗೋಡೆಯ ಮೇಲೆ "ಇಂದು ನಗದು, ನಾಳೆ ಸಾಲ" ಎಂಬ ಫಲಕ ನಾನು ಹುಟ್ಟುವ ಮೊದಲಿನಿಂದಲೂ ಇದೆ. ಅದನ್ನು ಯಾರೂ ಪಾಲಿಸಿದಂತಿಲ್ಲ. ಮೂಲೆಯಲ್ಲಿ ತಾತನ ಕಾಲದ ಸೇರು, ಪಾವು, ಚಟಾಕುಗಳು ಧೂಳು ತಿನ್ನುತ್ತಿವೆ. ೧೯೫೭ರ ಏಪ್ರಿಲಿನಲ್ಲಿ ಹೊಸ ಪೈಸೆ ಬಂತು; ಮರುವರ್ಷದಿಂದ ಕಿಲೋಗ್ರಾಂ ಕಾಲಿಟ್ಟಿತು. ಸೇರಿನಲ್ಲಿ ಅಳೆಯುವಾಗ ಅದರ ಬಾಯಿಯ ಮೇಲೆ ಗೋಪುರದಂತೆ ನಿಲ್ಲುತ್ತಿದ್ದ ರಾಗಿಯೇ ಕೊಸರು. ತಕ್ಕಡಿ ಬಂದ ಮೇಲೆ ತಟ್ಟೆ ಒಂದಿಷ್ಟು ತಗ್ಗುವುದೇ ಕೊಸರಾಯಿತು. ಆಮೇಲೆ ಪೊಟ್ಟಣ ಬಂತು. ೧೯೮೩ರಲ್ಲಿ ತಮಿಳುನಾಡಿನ ಕಡಲೂರಿನಿಂದ ಹೊರಟ ಚಿಕ್ ಶ್ಯಾಂಪೂವಿನಂಥ ಪುಟ್ಟ ಪುಟ್ಟ ಚೀಟಿಗಳು ತೋರಣದಂತೆ ಹಳ್ಳಿಯ ಅಂಗಡಿಗಳಲ್ಲಿ ತೂಗಾಡತೊಡಗಿದವು. ಸೀಸೆ ಕೊಳ್ಳಲಾರದವಳೂ ಒಂದು ದಿನದ ಶ್ಯಾಂಪೂ ಕೊಳ್ಳಬಹುದಾಯಿತು. ಆದರೆ ಬಾಯಿ ಬೆಸೆದ ಪೊಟ್ಟಣದೊಳಕ್ಕೆ ಯಾರು ತಾನೆ ಕೊಸರು ಹಾಕಿಯಾರು? ಈಗ ಕಂಪನಿಗಳ ವ್ಯಾನೇ ಹಳ್ಳಿಗೆ ಬರುತ್ತದೆ. ಮಾವ ಪೇಟೆಗೆ ಹೋಗುವುದು ನಿಂತು ಬಹಳ ಕಾಲವಾಯಿತು. ಹಗ್ಗದ ಎರಡು ತುದಿಗಳು ಹಾಗೆ ಕಳಚಿಕೊಂಡವು.

ಇದನ್ನೆಲ್ಲ ಯೋಚಿಸುತ್ತ, ಹಳೆಯ ಕಾಲವೇ ಸುವರ್ಣಕಾಲವೆಂದು ಮನಸ್ಸಿನಲ್ಲಿಯೇ ಒಂದು ಪ್ರಬಂಧವನ್ನು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅರವತ್ತರ ಆಚೀಚಿನ ಒಬ್ಬ ಹೆಂಗಸು ಸೋಪು ಕೊಳ್ಳಲು ಬಂದಳು. ನಾನು ಅಂಗಡಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕುಳಿತಿದ್ದೆ. ನಾನು ಯಾರೆಂದು ತಿಳಿದು, ನಕ್ಕು ಹೇಳಿದಳು: "ನಿಮ್ಮ ತಾತ್ನೋರ ಕಾಲ್ದಾಗೆ ನಾವು ಆ ಕಲ್ಲಿನ ಆಚೆಗೇ ನಿಂತ್ಕಬೇಕಿತ್ತು ಸ್ವಾಮಿ. ಸೆರಗಿಗೆ ಮೇಲಿಂದ ಹಾಕೋರು. ಕಮ್ಮಿ ಹಾಕಿದ್ರೂ ಕೇಳಂಗಿರ್ಲಿಲ್ಲ. ಪಾಕೀಟು ಬಂದ್ಮೇಲೆ ನೋಡಿ, ಎಲ್ಲರಿಗೂ ಒಂದೇ ತೂಕ ಆಯ್ತು."

ನಾನು ಕಲ್ಲಿನ ಮೇಲಿಂದ ಎದ್ದು ನಿಂತೆ. ಮಾವ ತಲೆ ತಗ್ಗಿಸಿಕೊಂಡು ಸೋಪಿನ ಬೆಲೆಯನ್ನು ಹೇಳಿದರು. ಆಕೆ ಕೊಟ್ಟು ಹೊರಟುಹೋದಳು. ನನ್ನ ತಾಯಿ ಈ ಅಂಗಡಿಯ ಮಗಳು. ಅವಳು ಹಕ್ಕಿನಿಂದ ಕೇಳುತ್ತಿದ್ದ ಕೊಸರು ಎಲ್ಲರ ಸೆರಗಿಗೂ ಬೀಳುತ್ತಿರಲಿಲ್ಲವೆಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಖಾತೆ ಪುಸ್ತಕ

ರಾತ್ರಿ ಊಟವಾದ ಮೇಲೆ ಮಾವ ಖಾತೆ ಪುಸ್ತಕವನ್ನು ನನ್ನ ಮುಂದಿಟ್ಟರು. ಅವರ ಕಣ್ಣಿಗೆ ಸಣ್ಣ ಅಕ್ಷರ ಇನ್ನೂ ನಿಲುಕದು. "ಮಗ ಎಲ್ಲಾ ಕೂಡಿಸಿ ಹೇಳು ಅಂದಿದಾನೆ. ವಸೂಲು ಮಾಡಿ ಬಾಗಿಲು ಹಾಕಬೇಕಂತೆ. ಓದಪ್ಪ" ಎಂದರು. ನಾನು ಹೆಸರನ್ನೂ ಬಾಕಿಯನ್ನೂ ಓದುತ್ತ ಹೋದೆ. ಹೆಚ್ಚಿನವು ೨೦೨೦ರ ಬೇಸಗೆಯವು: ಬೆಂಗಳೂರಿನಿಂದ ಕೆಲಸ ಕಳೆದುಕೊಂಡು ಊರಿಗೆ ನಡೆದು ಬಂದ ಹುಡುಗರು, ಹೂವು ತೋಟದಲ್ಲಿಯೇ ಕೊಳೆತುಹೋದ ರೈತರು. ಒಂದೊಂದು ಹೆಸರಿಗೂ ಮಾವ ಕಣ್ಣು ಮುಚ್ಚಿ ತೀರ್ಪು ಹೇಳುತ್ತಿದ್ದರು. "ಅವನು ಕೊಡ್ತಾನೆ, ಕೊಬ್ಬರಿ ಮಾರಲಿ." "ಇವಳ ಗಂಡ ಹೋದ. ಹೊಡೆದುಹಾಕು." "ಅವನ ಹತ್ರ ಇದೆ, ಕೊಡಲ್ಲ. ಇರಲಿ, ಹಾಗೇ ಇರಲಿ, ಎದುರಿಗೆ ಬಂದಾಗ ತಲೆ ತಗ್ಗಿಸಲಿ."

ಕೊನೆಗೆ, ಬೆಳಿಗ್ಗೆ ಬಂದಿದ್ದ ಹೆಂಗಸಿನ ಹೆಸರೆಲ್ಲೂ ಬರಲಿಲ್ಲವಲ್ಲ ಎಂದೆ. ಮಾವ ಬಹಳ ಹೊತ್ತು ಸುಮ್ಮನಿದ್ದರು. "ಅಪ್ಪನ ಕಾಲದಲ್ಲಿ ಅವರಿಗೆ ಸಾಲ ಬರೀತಿರಲಿಲ್ಲ. ನಾನು ಬರೀತೀನಿ ಅಂದೆ. ಆವತ್ತಿನಿಂದ ಇವತ್ತಿನವರೆಗೂ ಅವರ ಮನೆಯವರು ಯಾರೂ ಕೇಳಲೇ ಇಲ್ಲ" ಎಂದರು.

ವ್ಯಾಪಾರದಲ್ಲಿ ಬರುವ ಒಂದೊಂದು ಬದಲಾವಣೆಯೂ ಒಂದನ್ನು ಕೊಟ್ಟು ಒಂದನ್ನು ಕಸಿಯುತ್ತದೆ. ಕಿಲೋ ತಕ್ಕಡಿಯೂ ಪೊಟ್ಟಣವೂ ಜಾತಿ ಕೇಳಲಿಲ್ಲ. ಮುಖ ನೋಡಿ ತೂಕ ಬದಲಿಸಲಿಲ್ಲ. ಅದು ಸಣ್ಣ ಲಾಭವಲ್ಲ. ಆದರೆ ಮುಖವನ್ನೇ ನೋಡದ ವ್ಯಾಪಾರ, ಹೂವು ಕೊಳೆತ ವರ್ಷವನ್ನೂ ಮನೆಯಲ್ಲಿರುವ ಮಗುವನ್ನೂ ನೋಡಲಾರದು. ನಗರದಲ್ಲಿ ನಮ್ಮ ಬಾಗಿಲಿಗೆ ಸಾಮಾನು ತರುವ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅವನು ಕೊಸರು ಕೊಡಲಾರ. ಕೊಸರು ಕೊಡಬೇಕಾದರೆ ತಕ್ಕಡಿ ತನ್ನದಾಗಿರಬೇಕು. ಆ ಚೀಲದಲ್ಲಿ ಅವನದೆಂಬುದು ಒಂದು ಎಸಳು ಕರಿಬೇವೂ ಇಲ್ಲ. "ಒಂದು ಕೊಂಡರೆ ಒಂದು ಉಚಿತ" ಎಂದು ಕಂಪನಿ ಕೊಡುವುದು ಕೊಸರಲ್ಲ. ಅದನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ.

ಮಾವ ಅಂಗಡಿ ಮುಚ್ಚುವರೋ ಇಲ್ಲವೋ, ನಾನು ಹೊರಡುವವರೆಗೂ ಹೇಳಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಒಂದು ಕಿಲೋ ಬೆಲ್ಲ ತೂಗಿ ಕಾಗದದಲ್ಲಿ ಕಟ್ಟಿ ಕೊಟ್ಟು, "ದುಡ್ಡು ಕೊಡು" ಎಂದು ಕೈ ಚಾಚಿದರು. ನಾನು ಬೆರಗಾದೆ. ಸೋದರಳಿಯನಿಂದ ಬೆಲ್ಲಕ್ಕೆ ದುಡ್ಡೇ? ಕೊಟ್ಟೆ. ಅವರು ಎಣಿಸಿ ಗಲ್ಲಾಕ್ಕೆ ಹಾಕಿ, ಅಚ್ಚಿನಿಂದ ಒಂದು ಚೂರು ಬೆಲ್ಲ ಮುರಿದು ನನ್ನ ಕೈಯಲ್ಲಿಟ್ಟು ಹೇಳಿದರು:

"ಪುಕ್ಕಟೆ ಕೊಟ್ಟರೆ ಕೊಸರು ಹಾಕೋಕೆ ಬರಲ್ಲ ಕಣಪ್ಪ."